ಒಂದೇ ಸರ್ವರ್‌ನಲ್ಲಿ ಹಲವು ವೆಬ್‌ಸೈಟ್: ಎರಡನೆಯ ಸೈಟಿಗೆ ಎಡವುವವರಿಗೆ ಸಮಗ್ರ ಮಾರ್ಗದರ್ಶಿ

"ಬೆಲ್ಲದ ಸೈಟಿನ ವಿಳಾಸ ಕೊಟ್ಟರೆ ಸೀರೆ ಅಂಗಡಿ ತೆರೆದುಕೊಳ್ಳುತ್ತದೆ, ಏನು ಮಾಡಲಿ?" ಮೈಸೂರು, ಮಂಡ್ಯದ ಕಡೆ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವವರು ನನ್ನನ್ನು ಕೇಳುವ ಪ್ರಶ್ನೆ ಬಹುತೇಕ ಇದೇ. ಮೊದಲನೆಯ ಸೈಟು ಸಲೀಸಾಗಿ ನಿಂತಿರುತ್ತದೆ. ಎರಡನೆಯದನ್ನು ಸೇರಿಸಿದ ಕೂಡಲೇ ಎಲ್ಲವೂ ಕಲಸುಮೇಲೋಗರ. ಹೆಚ್ಚಿನವರು ಸೋಲುವುದು ಜ್ಞಾನ ಸಾಲದೆ ಅಲ್ಲ, ಕೆಲಸದ ಕ್ರಮ ತಪ್ಪಿ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಉದಾಹರಣೆಗೆ ಮೂರು ಸೈಟುಗಳನ್ನು ಇಟ್ಟುಕೊಳ್ಳೋಣ: ಮಂಡ್ಯದ ಒಂದು ಆಲೆಮನೆಯದು, ದೇವರಾಜ ಅರಸು ರಸ್ತೆಯ ಒಂದು ಸೀರೆ ಅಂಗಡಿಯದು, ಗೋಕುಲಂನ ಒಂದು ಹೋಂಸ್ಟೇಯದು. ಮೂರೂ ಒಂದೇ ಬಾಡಿಗೆ ಸರ್ವರ್‌ನಲ್ಲಿ, ಒಂದೇ ಐಪಿ ವಿಳಾಸದಲ್ಲಿ ಇರಬೇಕು. ಸರ್ವರ್‌ನಲ್ಲಿ ಉಬುಂಟು 24.04 (ಲಿನಕ್ಸ್‌ನ ಒಂದು ಬಗೆ), ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್. ಆದೇಶಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನು ಬಳಸಿ.

## ಮೊದಲು ತಿಳಿದಿರಬೇಕಾದ ಒಂದೇ ಸಂಗತಿ

ಹಳೆಯ ಮೈಸೂರಿನ ವಠಾರ ನೋಡಿದವರಿಗೆ ಇದು ಹೊಸದಲ್ಲ. ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರ್, ಒಳಗೆ ಆರೇಳು ಸಂಸಾರ. ಅಂಚೆಯವನು ಲಕೋಟೆಯ ಮೇಲಿನ ಹೆಸರು ನೋಡಿ ಕಾಗದ ಕೊಡುತ್ತಾನೆ. ಹೆಸರು ಯಾರದೆಂದು ಗೊತ್ತಾಗದಿದ್ದರೆ ಮುಂಬಾಗಿಲ ಮನೆಯವರ ಕೈಗೆ ಕೊಟ್ಟು ಹೋಗುತ್ತಾನೆ.

ಎಂಜಿನ್‌ಎಕ್ಸ್ ಮಾಡುವುದೂ ಅದನ್ನೇ. ಬ್ರೌಸರ್ ಪ್ರತಿ ಬಾರಿಯೂ ತಾನು ಕೇಳುತ್ತಿರುವ ಸೈಟಿನ ಹೆಸರನ್ನು ಜೊತೆಗೆ ಕಳುಹಿಸುತ್ತದೆ. ಆ ಹೆಸರಿಗೆ ಹೊಂದುವ ಸರ್ವರ್ ಬ್ಲಾಕ್ (ಒಂದು ಸೈಟಿನ ನಿಯಮಗಳನ್ನು ಬರೆದಿಟ್ಟ ಭಾಗ) ಸಿಕ್ಕರೆ ಅಲ್ಲಿಗೆ, ಸಿಗದಿದ್ದರೆ ಮೊದಲು ಓದಿದ ಬ್ಲಾಕ್‌ಗೆ. ಫೈಲುಗಳನ್ನು ಅದು ಅಕ್ಷರಮಾಲೆಯ ಕ್ರಮದಲ್ಲಿ ಓದುವುದರಿಂದ ಯಾರು "ಮೊದಲು" ಎಂಬುದನ್ನು ಫೈಲಿನ ಹೆಸರು ನಿರ್ಧರಿಸಿಬಿಡುತ್ತದೆ. ಬೆಲ್ಲ ಕೇಳಿದವರಿಗೆ ಸೀರೆ ಸಿಕ್ಕಿತೆಂದರೆ ಬೆಲ್ಲದ ಹೆಸರು ಎಲ್ಲಿಯೂ ಹೊಂದಲಿಲ್ಲ ಎಂದೇ ಅರ್ಥ. ಮುಂದಿನ ಅರ್ಧ ಕೆಲಸ ಆ ಹೆಸರು ಎಲ್ಲಿ ತಪ್ಪುತ್ತದೆ ಎಂದು ನೋಡುವುದು.

## ಹಂತ 1: ಬೇಕಾದ ಸಾಮಾನು

ಸಾರ್ವಜನಿಕ ಐಪಿ ವಿಳಾಸವುಳ್ಳ ಬಾಡಿಗೆ ಸರ್ವರ್ ಒಂದು. ಗ್ರಾಹಕರೆಲ್ಲ ಇಲ್ಲಿಯವರೇ ಆಗಿದ್ದರೆ ಬೆಂಗಳೂರು ಅಥವಾ ಮುಂಬಯಿಯ ದತ್ತಾಂಶ ಕೇಂದ್ರವನ್ನು ಆರಿಸಿ. ವರ್ಡ್‌ಪ್ರೆಸ್ ಎಂಬ ಸೈಟು ಕಟ್ಟುವ ತಂತ್ರಾಂಶದ ಮೂರು ಸಣ್ಣ ಸೈಟುಗಳಿಗೆ 1 ಜಿಬಿ ಮೆಮೊರಿ ಇಕ್ಕಟ್ಟು, 2 ಜಿಬಿ ಸಾಕು. ಪ್ರತಿ ಸೈಟಿನ ಡೊಮೇನ್ ಖಾತೆಗೆ ಪ್ರವೇಶವೂ ಬೇಕು. ಇದನ್ನು ಮೊದಲೇ ಕೇಳಿ ಪಡೆಯಿರಿ. ಅರ್ಧ ಕೆಲಸ ಮುಗಿದ ಮೇಲೆ "ಅದನ್ನು ಹಿಂದಿನವರು ಮಾಡಿಸಿದ್ದರು, ಪಾಸ್‌ವರ್ಡ್ ಅವರ ಬಳಿಯೇ ಇದೆ" ಎಂಬ ಉತ್ತರ ಕೇಳಿಸಿಕೊಂಡವರಿಗೆ ನಾನು ಏಕೆ ಹೀಗೆ ಹೇಳುತ್ತಿದ್ದೇನೆಂದು ಗೊತ್ತು.

ಮನೆಯ ಹಳೆಯ ಕಂಪ್ಯೂಟರ್‌ನಲ್ಲೇ ನಡೆಸಬಹುದೇ ಎಂದು ಕೇಳುವವರಿದ್ದಾರೆ. ರೂಟರ್‌ನ ಪುಟದಲ್ಲಿ ಕಾಣುವ ಹೊರಗಿನ ಐಪಿ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ಆ ಆಸೆ ಬಿಡಿ. ನಿಮ್ಮ ಸಂಪರ್ಕ ಹಲವು ಗ್ರಾಹಕರು ಹಂಚಿಕೊಂಡ ವಿಳಾಸದ ಹಿಂದಿದೆ. ಹೊರಗಿನವರು ನೇರವಾಗಿ ನಿಮ್ಮ ಯಂತ್ರವನ್ನು ಮುಟ್ಟಲಾರರು.

## ಹಂತ 2: ಬಾಗಿಲು ತೆರೆಯುವುದು, ತಾನು ಹೊರಗುಳಿಯದಂತೆ

ಎಂಜಿನ್‌ಎಕ್ಸ್ ಅನುಸ್ಥಾಪಿಸಿ. ನಂತರ ಫೈರ್‌ವಾಲ್, ಅಂದರೆ ಹೊರಗಿನ ಸಂಪರ್ಕಗಳನ್ನು ತಡೆಯುವ ಕಾವಲು, ಇದೇ ಕ್ರಮದಲ್ಲಿ:

1. `ಸುಡೊ ಯುಎಫ್‌ಡಬ್ಲ್ಯು ಅಲೋ ಓಪನ್‌ಎಸ್‌ಎಸ್‌ಎಚ್`
2. `ಸುಡೊ ಯುಎಫ್‌ಡಬ್ಲ್ಯು ಅಲೋ 'ಎಂಜಿನ್‌ಎಕ್ಸ್ ಫುಲ್'`
3. `ಸುಡೊ ಯುಎಫ್‌ಡಬ್ಲ್ಯು ಎನೇಬಲ್`

ಮೂರನೆಯದನ್ನು ಮೊದಲು ಕೊಟ್ಟರೆ ನಿಮ್ಮದೇ ಲಾಗಿನ್ ದಾರಿಗೆ ನೀವೇ ಬೀಗ ಹಾಕಿಕೊಂಡಂತೆ. ನಾನು ಒಮ್ಮೆ ಹೀಗೆ ಮಾಡಿಕೊಂಡು ಬಾಡಿಗೆ ಕಂಪನಿಯ ತುರ್ತು ಕನ್ಸೋಲ್ ಮೂಲಕ ಒಳಗೆ ನುಸುಳಬೇಕಾಯಿತು. ಕೆಲವು ಕಂಪನಿಗಳು ತಮ್ಮ ಕಡೆಯಿಂದ ಇನ್ನೊಂದು ಫೈರ್‌ವಾಲ್ ಇಟ್ಟಿರುತ್ತವೆ. ಅವರ ನಿಯಂತ್ರಣ ಪುಟದಲ್ಲಿಯೂ 22 (ಲಾಗಿನ್), 80 (ಸಾಮಾನ್ಯ ವೆಬ್), 443 (ಸುರಕ್ಷಿತ ವೆಬ್) ಈ ಮೂರು ಪೋರ್ಟ್, ಅಂದರೆ ಸಂಪರ್ಕದ ಬಾಗಿಲು, ತೆರೆದಿರಬೇಕು.

ಎಚ್ಚರಿಕೆಯ ಗುರುತು: ಎಂಜಿನ್‌ಎಕ್ಸ್ ಶುರುವಾಗದೆ "ವಿಳಾಸ ಆಗಲೇ ಬಳಕೆಯಲ್ಲಿದೆ" ಎಂಬರ್ಥದ ದೋಷ ಬಂದರೆ 80ನೇ ಪೋರ್ಟ್‌ನಲ್ಲಿ ಬೇರೆ ಯಾವುದೋ, ಸಾಮಾನ್ಯವಾಗಿ ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್, ಕುಳಿತಿದೆ. `ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ` ಕೊಟ್ಟರೆ ಯಾರು ಕುಳಿತಿದ್ದಾರೆಂದು ತೋರಿಸುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಉಳಿಸಿ.

## ಹಂತ 3: ಪ್ರತಿ ಸೈಟಿಗೂ ಬೇರೆ ಫೋಲ್ಡರ್, ಬೇರೆ ಬಳಕೆದಾರ

/ವರ್/ಡಬ್ಲ್ಯುಡಬ್ಲ್ಯುಡಬ್ಲ್ಯು ಒಳಗೆ ಬೆಲ್ಲ, ಸೀರೆ, ಹೋಂಸ್ಟೇ ಎಂದು ಮೂರು ಫೋಲ್ಡರ್ ಮಾಡಿ. ಮೂರು ಲಿನಕ್ಸ್ ಬಳಕೆದಾರರನ್ನೂ ಮಾಡಿ. ಫೋಲ್ಡರ್‌ನ ಒಡೆತನ ಆಯಾ ಬಳಕೆದಾರನಿಗೆ, ಗುಂಪು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾಕ್ಕೆ, ಅನುಮತಿ 750 (ಒಡೆಯನಿಗೆ ಎಲ್ಲ ಹಕ್ಕು, ಗುಂಪಿಗೆ ಓದಿ ಒಳಹೋಗುವ ಹಕ್ಕು, ಉಳಿದವರಿಗೆ ಏನೂ ಇಲ್ಲ). ಒಳಗಿನ ಫೋಲ್ಡರುಗಳಿಗೂ 750, ಫೈಲುಗಳಿಗೆ 640 ಸಾಕು. ಹೀಗಿದ್ದರೆ ಎಂಜಿನ್‌ಎಕ್ಸ್ ಗುಂಪಿನ ಹಕ್ಕಿನಿಂದ ಓದುತ್ತದೆ, ಆದರೆ ಸೀರೆ ಸೈಟಿಗೆ ನುಗ್ಗಿದ ಕಳ್ಳ ಬೆಲ್ಲದ ಸೈಟಿನ ಡೇಟಾಬೇಸ್ ಪಾಸ್‌ವರ್ಡ್ ಓದಲಾರ. ಬೇಸರ ಬಂದು ಎಲ್ಲಕ್ಕೂ 777 ಕೊಡುವವರನ್ನು ಕಂಡಿದ್ದೇನೆ. ಅದು ವಠಾರದ ಎಲ್ಲ ಮನೆಗಳ ಚಿಲಕವನ್ನೂ ಕಿತ್ತುಹಾಕಿದ ಹಾಗೆ.

ಸೈಟನ್ನು ನಿಮ್ಮ ಹೋಂ ಫೋಲ್ಡರ್‌ನಲ್ಲಿ ಇಡಬೇಡಿ. ಉಬುಂಟು 21.04ರಿಂದ ಈಚೆಗೆ ಹೊಸದಾಗಿ ಮಾಡಿದ ಹೋಂ ಫೋಲ್ಡರ್ ಹೊರಗಿನವರಿಗೆ ಮುಚ್ಚಿರುತ್ತದೆ. ಒಳಗಿನ ಫೈಲಿಗೆ ಎಷ್ಟೇ ಅನುಮತಿ ಕೊಟ್ಟರೂ ದಾರಿಯ ಮೊದಲ ಬಾಗಿಲೇ ಮುಚ್ಚಿದ್ದರಿಂದ 403 ದೋಷ ಬರುತ್ತದೆ. `ನೇಮ್‌ಐ -ಎಲ್` ಆದೇಶದ ಮುಂದೆ ಫೈಲಿನ ಪೂರ್ಣ ವಿಳಾಸ ಕೊಟ್ಟರೆ ಯಾವ ಬಾಗಿಲಲ್ಲಿ ತಡೆ ಬಿದ್ದಿದೆ ಎಂದು ಸಾಲುಸಾಲಾಗಿ ಕಾಣುತ್ತದೆ.

ಈಗಲೇ ವರ್ಡ್‌ಪ್ರೆಸ್ ಹಾಕಬೇಡಿ. ಪ್ರತಿ ಫೋಲ್ಡರ್‌ನಲ್ಲಿ ಒಂದೇ ಸಾಲಿನ ಪುಟ ಇಡಿ: "ಇದು ಬೆಲ್ಲ", "ಇದು ಸೀರೆ", "ಇದು ಹೋಂಸ್ಟೇ". ಮುಂದಿನ ಮೂರು ಹಂತಗಳಲ್ಲಿ ಯಾವ ಮನೆಯ ಬಾಗಿಲು ತೆರೆಯಿತು ಎಂದು ಅನುಮಾನವಿಲ್ಲದೆ ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

## ಹಂತ 4: ಒಂದೊಂದು ಸೈಟಿಗೆ ಒಂದೊಂದು ಸರ್ವರ್ ಬ್ಲಾಕ್

/ಇಟಿಸಿ/ಎಂಜಿನ್‌ಎಕ್ಸ್/ಸೈಟ್ಸ್-ಅವೈಲಬಲ್ ಫೋಲ್ಡರ್‌ನಲ್ಲಿ ಪ್ರತಿ ಸೈಟಿಗೆ ಒಂದು ಫೈಲ್ ಬರೆಯಿರಿ. ಮೂರನ್ನೂ ಒಂದೇ ಫೈಲಿನಲ್ಲಿ ತುರುಕಿದರೂ ನಡೆಯುತ್ತದೆ, ಆದರೆ ಮುಂದೆ ಒಂದನ್ನು ತೆಗೆಯಬೇಕಾದಾಗ ಕಣ್ಣೀರು ಬರುತ್ತದೆ.

ಬ್ಲಾಕ್‌ನಲ್ಲಿ ತಪ್ಪದೆ ಇರಬೇಕಾದ ಸಾಲುಗಳು ಇವು. "ಲಿಸನ್ 80", ಅದರ ಕೆಳಗೆ ಐಪಿ ವಿಳಾಸದ ಹೊಸ ರೂಪವಾದ ಐಪಿವಿ6ಗಾಗಿ "ಲಿಸನ್ [::]:80". ಆಮೇಲೆ "ಸರ್ವರ್_ನೇಮ್", ಅದರ ಮುಂದೆ ಡೊಮೇನ್ ಹೆಸರು ಎರಡು ರೂಪದಲ್ಲಿ, ಮುಂದೆ ಮೂರು ಡಬ್ಲ್ಯು ಇರುವುದು ಮತ್ತು ಇಲ್ಲದ್ದು. "ರೂಟ್" ಸಾಲಿನಲ್ಲಿ ಫೋಲ್ಡರ್‌ನ ವಿಳಾಸ. ಕೊನೆಗೆ ಈ ಸೈಟಿಗೆ ಮಾತ್ರ ಸೇರಿದ "ಆಕ್ಸೆಸ್_ಲಾಗ್" ಮತ್ತು "ಎರರ್_ಲಾಗ್". ಪ್ರತಿ ಸಾಲಿನ ಕೊನೆಗೂ ಅರ್ಧವಿರಾಮ ಚಿಹ್ನೆ ಬೇಕು.

ಐಪಿವಿ6 ಸಾಲನ್ನು ಒಂದು ಸೈಟಿಗೆ ಬರೆದು ಇನ್ನೊಂದಕ್ಕೆ ಮರೆಯುವುದು ಬಹಳ ಸಾಮಾನ್ಯ, ಬಹಳ ಮೋಸದ ತಪ್ಪು. ನಿಮ್ಮ ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿರಬಹುದು. ಗ್ರಾಹಕರ ಮೊಬೈಲ್ ಮಾತ್ರ ಐಪಿವಿ6 ದಾರಿಯಲ್ಲಿ ಬಂದು ಸೀರೆ ಅಂಗಡಿಯಲ್ಲಿ ನಿಲ್ಲುತ್ತದೆ. "ನನ್ನ ಫೋನಿನಲ್ಲಿ ಬರುವುದಿಲ್ಲ" ಎಂದು ಯಾರಾದರೂ ಹೇಳಿದರೆ ಅವರ ಫೋನನ್ನು ಬೈಯುವ ಮೊದಲು ಈ ಸಾಲನ್ನು ನೋಡಿ.

ನಂತರ ಈ ಫೈಲಿಗೆ ಸೈಟ್ಸ್-ಎನೇಬಲ್ಡ್ ಫೋಲ್ಡರ್‌ನಲ್ಲಿ ಕೊಂಡಿ ಹಾಕಿ. `ಎಲ್‌ಎನ್ -ಎಸ್` ಆದೇಶದಲ್ಲಿ ಎರಡೂ ಕಡೆ ಪೂರ್ಣ ವಿಳಾಸ ಕೊಡಿ. ಅರ್ಧ ವಿಳಾಸ ಕೊಟ್ಟರೆ ಕೊಂಡಿ ಎಲ್ಲಿಗೂ ತಲುಪದೆ ಹೋಗಬಹುದು. ಸೈಟ್ಸ್-ಎನೇಬಲ್ಡ್ ಒಳಗೆ ಹಳೆಯ ಪ್ರತಿಗಳನ್ನು ಇಡಬೇಡಿ. ಅಲ್ಲಿರುವ ಪ್ರತಿಯೊಂದು ಫೈಲನ್ನೂ ಎಂಜಿನ್‌ಎಕ್ಸ್ ಓದುತ್ತದೆ, "ಬೆಲ್ಲ-ಹಳೆಯದು" ಎಂದು ಹೆಸರಿಟ್ಟ ಮಾತ್ರಕ್ಕೆ ಬಿಡುವುದಿಲ್ಲ.

ಪ್ರತಿ ಬದಲಾವಣೆಯ ನಂತರ ಮೊದಲು `ಸುಡೊ ಎಂಜಿನ್‌ಎಕ್ಸ್ -ಟಿ`, ಅದು ಸರಿ ಎಂದ ಮೇಲೆ `ಸುಡೊ ಸಿಸ್ಟಂಸಿಟಿಎಲ್ ರೀಲೋಡ್ ಎಂಜಿನ್‌ಎಕ್ಸ್`. ರೀಸ್ಟಾರ್ಟ್ ಬೇಡ. ತಪ್ಪಿರುವ ಫೈಲಿನಿಂದ ರೀಲೋಡ್ ಮಾಡಿದರೆ ಹಳೆಯ ವ್ಯವಸ್ಥೆಯೇ ಮುಂದುವರಿಯುತ್ತದೆ, ರೀಸ್ಟಾರ್ಟ್ ಮಾಡಿದರೆ ಮೂರೂ ಸೈಟು ಒಟ್ಟಿಗೆ ಬೀಳುತ್ತವೆ. ಪರೀಕ್ಷೆಯಲ್ಲಿ "ಕಾನ್‌ಫ್ಲಿಕ್ಟಿಂಗ್ ಸರ್ವರ್ ನೇಮ್" ಎಂಬ ಎಚ್ಚರಿಕೆ ಬಂದರೆ ಒಂದೇ ಹೆಸರು ಎರಡು ಕಡೆ ಇದೆ. ಕೊನೆಗೆ "ಯಶಸ್ವಿ" ಎಂದು ಬರುವುದರಿಂದ ಜನ ಇದನ್ನು ಓದದೆ ದಾಟಿಬಿಡುತ್ತಾರೆ.

## ಹಂತ 5: ಯಾರದೂ ಅಲ್ಲದ ಕಾಗದಕ್ಕೆ ಒಂದು ಬಾಗಿಲು

ಬಹುತೇಕ ಮಾರ್ಗದರ್ಶಿಗಳು ಇದನ್ನು ಬಿಟ್ಟುಬಿಡುತ್ತವೆ. ನನ್ನ ಪ್ರಕಾರ ಪರೀಕ್ಷೆಗೆ ಇಳಿಯುವ ಮುಂಚೆ ಆಗಲೇಬೇಕಾದ ಕೆಲಸ ಇದು.

ಎಂಜಿನ್‌ಎಕ್ಸ್ ಜೊತೆಗೆ ಬಂದ "ಡೀಫಾಲ್ಟ್" ಫೈಲಿನ ಕೊಂಡಿಯನ್ನು ಸೈಟ್ಸ್-ಎನೇಬಲ್ಡ್‌ನಿಂದ ತೆಗೆಯಿರಿ. ಬದಲಿಗೆ ನಿಮ್ಮದೇ ಒಂದು ಫೈಲ್ ಮಾಡಿ. ಅದರ ಎರಡೂ ಲಿಸನ್ ಸಾಲುಗಳ ಮುಂದೆ "ಡೀಫಾಲ್ಟ್_ಸರ್ವರ್" ಎಂದು ಬರೆದು, ಒಳಗೆ "ರಿಟರ್ನ್ 444" ಎಂದಷ್ಟೇ ಇಡಿ. 444 ಎಂದರೆ ಉತ್ತರವನ್ನೇ ಕೊಡದೆ ಸಂಪರ್ಕ ಮುಚ್ಚು ಎಂದು ಎಂಜಿನ್‌ಎಕ್ಸ್‌ಗೆ ಹೇಳಿದಂತೆ. ಇನ್ನು ಮುಂದೆ ಗುರುತಿಲ್ಲದ ಹೆಸರು ಸೀರೆ ಅಂಗಡಿಗೆ ಹೋಗುವುದಿಲ್ಲ, ಖಾಲಿ ಪುಟವಾಗಿ ಸಿಕ್ಕಿಬೀಳುತ್ತದೆ. ತಪ್ಪು ಸೈಟು ತೆರೆಯುವುದಕ್ಕಿಂತ ಏನೂ ತೆರೆಯದಿರುವುದೇ ಲೇಸು, ಏಕೆಂದರೆ ಅದು ಆ ಕ್ಷಣವೇ ಗಮನಕ್ಕೆ ಬರುತ್ತದೆ.

ಎಚ್‌ಟಿಟಿಪಿಎಸ್‌ಗೂ, ಅಂದರೆ 443ನೇ ಪೋರ್ಟ್‌ಗೂ, ಇಂಥದೇ ಬ್ಲಾಕ್ ಬೇಕು. ಅಲ್ಲಿ "ಎಸ್‌ಎಸ್‌ಎಲ್_ರಿಜೆಕ್ಟ್_ಹ್ಯಾಂಡ್‌ಶೇಕ್ ಆನ್" ಎಂದು ಬರೆದರೆ ಪ್ರಮಾಣಪತ್ರವೇ (ಸೈಟು ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಡಿಜಿಟಲ್ ದಾಖಲೆ) ಬೇಕಿಲ್ಲ. ಈ ಸೌಲಭ್ಯ ಎಂಜಿನ್‌ಎಕ್ಸ್ 1.19.4ರಿಂದ ಇದೆ, ಹಾಗಾಗಿ ಉಬುಂಟು 24.04ರಲ್ಲಿ ತೊಂದರೆಯಿಲ್ಲ. ಇದನ್ನು ಬಿಟ್ಟರೆ ಆಗುವುದೇನೆಂದರೆ, ಸೀರೆ ಸೈಟಿಗೆ ಪ್ರಮಾಣಪತ್ರ ಸಿಕ್ಕಿದೆ, ಬೆಲ್ಲಕ್ಕೆ ಇನ್ನೂ ಇಲ್ಲ. ಈಗಿನ ಬ್ರೌಸರುಗಳು ಮೊದಲು ಎಚ್‌ಟಿಟಿಪಿಎಸ್ ಬಾಗಿಲನ್ನೇ ತಟ್ಟುವುದುಂಟು. ಅಲ್ಲಿರುವುದು ಸೀರೆ ಒಂದೇ. ಬೆಲ್ಲ ಕೇಳಿದವರಿಗೆ ಮೊದಲು ಪ್ರಮಾಣಪತ್ರದ ಎಚ್ಚರಿಕೆ, ಅದನ್ನು ದಾಟಿದರೆ ರೇಷ್ಮೆ ಸೀರೆ. ಮೊದಲ ಸಾಲಿನ ಪ್ರಶ್ನೆಗೆ ಹತ್ತರಲ್ಲಿ ಏಳೆಂಟು ಬಾರಿ ಉತ್ತರ ಇಲ್ಲೇ ಇರುತ್ತದೆ.

## ಹಂತ 6: ಊರಿಗೆ ಹೇಳುವ ಮೊದಲು ಮನೆಯಲ್ಲೇ ಪರೀಕ್ಷೆ

ಡೊಮೇನ್ ಬದಲಿಸುವ ಮೊದಲು ನಿಮ್ಮ ಸ್ವಂತ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲಿನಲ್ಲಿ ಸರ್ವರ್‌ನ ಐಪಿ ವಿಳಾಸ, ಅದರ ಮುಂದೆ ಸೈಟಿನ ಹೆಸರು ಬರೆಯಿರಿ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದು /ಇಟಿಸಿ/ಹೋಸ್ಟ್ಸ್. ವಿಂಡೋಸ್‌ನಲ್ಲಿ ಸಿಸ್ಟಂ32 ಫೋಲ್ಡರ್‌ನ ಡ್ರೈವರ್ಸ್ ಒಳಗಿನ ಇಟಿಸಿಯಲ್ಲಿದೆ. ಆಗ ನಿಮ್ಮ ಯಂತ್ರಕ್ಕೆ ಮಾತ್ರ ಹೊಸ ಸರ್ವರ್ ಕಾಣುತ್ತದೆ. ಮೂರು ಹೆಸರಿಗೂ ಅದರದರ ಒಂದು ಸಾಲಿನ ಪುಟ ಬರಬೇಕು, ಬರೀ ಐಪಿ ವಿಳಾಸ ಕೊಟ್ಟರೆ ಏನೂ ಬರಬಾರದು.

ಪರೀಕ್ಷೆ ಮುಗಿದ ಕೂಡಲೇ ಆ ಸಾಲುಗಳನ್ನು ಅಳಿಸಿ. ನಾನು ಒಮ್ಮೆ ಮರೆತು, ಎರಡು ದಿನ "ನನಗೆ ಸರಿಯಾಗಿಯೇ ಬರುತ್ತಿದೆಯಲ್ಲ" ಎಂದು ಗ್ರಾಹಕರೊಂದಿಗೆ ವಾದಿಸಿದ್ದೇನೆ. ಬರುತ್ತಿದ್ದುದು ನನಗೊಬ್ಬನಿಗೇ.

## ಹಂತ 7: ಪಿಎಚ್‌ಪಿ ಮತ್ತು ಡೇಟಾಬೇಸ್, ಒಲೆ ಬೇರೆ ಬೇರೆ

ಒಂದು ಸಾಲಿನ ಪುಟಗಳು ಸರಿಯಾಗಿ ಬಂದವೇ? ಈಗ ವರ್ಡ್‌ಪ್ರೆಸ್. ವರ್ಡ್‌ಪ್ರೆಸ್ ಬರೆದಿರುವ ಪಿಎಚ್‌ಪಿ ಭಾಷೆಯನ್ನು ಓಡಿಸುವುದು ಪಿಎಚ್‌ಪಿ-ಎಫ್‌ಪಿಎಂ. ಪ್ರತಿ ಸೈಟಿಗೂ ಅದರ ಪ್ರತ್ಯೇಕ ಪೂಲ್ (ಪ್ರಕ್ರಿಯೆಗಳ ಗುಂಪು) ಮಾಡಿ: ಹೆಸರು ಬೇರೆ, ಬಳಕೆದಾರ ಬೇರೆ, ಎಂಜಿನ್‌ಎಕ್ಸ್ ಜೊತೆ ಮಾತಾಡುವ ಸಾಕೆಟ್ ಬೇರೆ. ಮೊದಲಿನಿಂದ ಇರುವ ಸಾಮಾನ್ಯ ಪೂಲನ್ನು ನಿಲ್ಲಿಸಿ, ಏಕೆಂದರೆ ಅದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಹೆಸರಿನಲ್ಲಿ ಓಡುತ್ತದೆ ಮತ್ತು ಹಂತ 3ರಲ್ಲಿ ಕಟ್ಟಿದ ಗೋಡೆಗಳನ್ನೆಲ್ಲ ದಾಟಬಲ್ಲದು. ಪೂಲ್ ಫೈಲಿನಲ್ಲಿ ಬರೆದ ಸಾಕೆಟ್ ವಿಳಾಸವೂ ಎಂಜಿನ್‌ಎಕ್ಸ್‌ನ ಬ್ಲಾಕ್‌ನಲ್ಲಿ ಬರೆದದ್ದೂ ಅಕ್ಷರಶಃ ಒಂದೇ ಆಗಿರಬೇಕು. 502 ದೋಷ ಬಂದರೆ ಮೊದಲು ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ಓದಿ.

ಡೇಟಾಬೇಸ್ ಕೂಡ ಸೈಟಿಗೊಂದು, ಅದಕ್ಕೆ ಬಳಕೆದಾರನೂ ಒಬ್ಬ. ರೂಟ್ ಪಾಸ್‌ವರ್ಡನ್ನೇ ಮೂರಕ್ಕೂ ಕೊಡಬೇಡಿ. ಅಕ್ಷರ ಸಂಕೇತ ಯುಟಿಎಫ್8ಎಂಬಿ4 ಇರಲಿ. ಹಳೆಯ ಲ್ಯಾಟಿನ್1 ಡೇಟಾಬೇಸಿಗೆ ಕನ್ನಡ ಬರೆದರೆ ಬೆಲ್ಲದ ವಿವರಣೆಯ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ, ಆ ಅಕ್ಷರಗಳು ಮರಳಿ ಸಿಗುವುದಿಲ್ಲ.

ಈಗ ಮೆಮೊರಿಯ ಲೆಕ್ಕ. ವರ್ಡ್‌ಪ್ರೆಸ್‌ನ ಒಂದು ಪಿಎಚ್‌ಪಿ ಪ್ರಕ್ರಿಯೆ 60ರಿಂದ 80 ಎಂಬಿ ಹಿಡಿಯುತ್ತದೆ ಎಂದುಕೊಳ್ಳಿ. 2 ಜಿಬಿಯಲ್ಲಿ ವ್ಯವಸ್ಥೆಗೂ ಡೇಟಾಬೇಸಿಗೂ 800 ಎಂಬಿ ಬಿಟ್ಟರೆ ಉಳಿದ 1,200 ಎಂಬಿಯಲ್ಲಿ ಸುಮಾರು 15 ಪ್ರಕ್ರಿಯೆ ಹಿಡಿಸುತ್ತವೆ. ಈ 15 ಮೂರೂ ಪೂಲ್‌ಗೆ ಸೇರಿ. ಪ್ರತಿ ಪೂಲ್‌ನ "ಪಿಎಂ.ಮ್ಯಾಕ್ಸ್_ಚಿಲ್ಡ್ರನ್" ಸಾಲಿಗೆ 15 ಬರೆದರೆ ಸಾಲ ಮಾಡಿ ಮದುವೆ ಮಾಡಿದಂತಾಗುತ್ತದೆ. ಸಾಮಾನ್ಯ ದಿನಗಳಲ್ಲಿ ತಲಾ ಐದು ಸಾಕು. ದಸರಾ ಹತ್ತಿರ ಬಂದಾಗ ಹೋಂಸ್ಟೇಗೆ ಒಂಬತ್ತು ಕೊಟ್ಟು ಉಳಿದೆರಡನ್ನು ಮೂರಕ್ಕೆ ಇಳಿಸಿ. ಬದಲಾವಣೆಯನ್ನು ಜಂಬೂ ಸವಾರಿಯ ದಿನ ಬೆಳಿಗ್ಗೆ ಮಾಡಬೇಡಿ, ಎರಡು ವಾರ ಮೊದಲೇ ಮಾಡಿ ನೋಡಿ.

ಎಚ್ಚರಿಕೆಯ ಗುರುತು: ಮೂರೂ ಸೈಟುಗಳಲ್ಲಿ ಏಕಕಾಲಕ್ಕೆ "ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ" ಎಂದು ಬಂದರೆ ಮೆಮೊರಿ ಮುಗಿದು ಲಿನಕ್ಸ್ ತಾನೇ ಡೇಟಾಬೇಸನ್ನು ಕೊಂದಿರುವ ಸಾಧ್ಯತೆ ಹೆಚ್ಚು. ಒಂದು ಸೈಟು ಬಿದ್ದರೆ ಆ ಸೈಟಿನ ಫೈಲು ನೋಡಿ, ಎಲ್ಲವೂ ಬಿದ್ದರೆ ಮೆಮೊರಿ ಮತ್ತು ಡಿಸ್ಕ್ ನೋಡಿ.

ಚಿತ್ರ ಏರಿಸುವಾಗ 413 ದೋಷ ಬಂದರೆ ಗಾಬರಿ ಬೇಡ. ಎಂಜಿನ್‌ಎಕ್ಸ್ ತಾನಾಗಿ 1 ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ. "ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್" ಹೆಚ್ಚಿಸಿ, ಜೊತೆಗೆ ಪಿಎಚ್‌ಪಿಯ ಮಿತಿಯನ್ನೂ ಹೆಚ್ಚಿಸಿ.

## ಹಂತ 8: ಡೊಮೇನ್ ತಿರುಗಿಸುವುದು

ಹಳೆಯ ಸೈಟನ್ನು ಸ್ಥಳಾಂತರಿಸುತ್ತಿದ್ದರೆ ಹಿಂದಿನ ದಿನವೇ ಡಿಎನ್‌ಎಸ್ ದಾಖಲೆಯ (ಡೊಮೇನ್ ಹೆಸರು ಯಾವ ಐಪಿಯದೆಂದು ಹೇಳುವುದು) ಟಿಟಿಎಲ್ ಅನ್ನು, ಅಂದರೆ ಹಳೆಯ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. ನಂತರ "ಎ" ದಾಖಲೆಯನ್ನು ಹೊಸ ಐಪಿಗೆ ಬದಲಿಸಿ, ಮೂರು ಡಬ್ಲ್ಯು ಇರುವ ಹೆಸರನ್ನೂ ಮರೆಯಬೇಡಿ. ಈ ದಾಖಲೆಗಳನ್ನು ಇಟ್ಟಿರುವ ನೇಮ್ ಸರ್ವರ್‌ಗಳನ್ನು ಬದಲಿಸುವ ಅಗತ್ಯವಿಲ್ಲ. ಅವಸರದಲ್ಲಿ ಬದಲಿಸಿದರೆ ಇಮೇಲ್‌ನ ಎಂಎಕ್ಸ್ ದಾಖಲೆ ಹಳೆಯ ಕಡೆಯೇ ಉಳಿದು ಅಂಗಡಿಯ ಆರ್ಡರ್ ಪತ್ರಗಳು ನಿಲ್ಲುತ್ತವೆ.

"ಎಎಎಎ" ಎಂಬ ಹಳೆಯ ದಾಖಲೆ ಉಳಿದಿದೆಯೇ ನೋಡಿ. ಅದು ಐಪಿವಿ6 ವಿಳಾಸ. ಹಿಂದಿನ ಸರ್ವರ್‌ನತ್ತ ತೋರಿಸುತ್ತಿದ್ದರೆ ಅರ್ಧ ಜನ ಹಳೆಯ ಸೈಟು, ಅರ್ಧ ಜನ ಹೊಸದು ನೋಡುತ್ತಾರೆ. ಅದನ್ನು ಹೊಸ ವಿಳಾಸಕ್ಕೆ ಬದಲಿಸಿ ಅಥವಾ ಅಳಿಸಿ.

ಡಾಟ್ ಭಾರತ ಎಂಬ ಕನ್ನಡದ ಡೊಮೇನ್ ತೆಗೆದುಕೊಂಡವರಿಗೆ ಒಂದು ಮಾತು. "ಸರ್ವರ್_ನೇಮ್" ಸಾಲಿನಲ್ಲಿ ಕನ್ನಡ ಅಕ್ಷರ ಬರೆದರೆ ಹೆಸರು ಹೊಂದುವುದಿಲ್ಲ. ಬ್ರೌಸರ್ ಒಳಗೊಳಗೆ ಕಳುಹಿಸುವುದು ಅದರ ಪ್ಯೂನಿಕೋಡ್ ರೂಪವನ್ನು: ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲು. ಬ್ಲಾಕ್‌ನಲ್ಲಿಯೂ ಪ್ರಮಾಣಪತ್ರದಲ್ಲಿಯೂ ಅದೇ ರೂಪವನ್ನು ಬಳಸಿ.

## ಹಂತ 9: ಪ್ರಮಾಣಪತ್ರ, ಸೈಟಿಗೊಂದು

ಡೊಮೇನ್ ಹೊಸ ಸರ್ವರ್‌ನತ್ತ ತಿರುಗಿದ ಮೇಲೆಯೇ ಸರ್ಟ್‌ಬಾಟ್ (ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಸೇವೆಯಿಂದ ಪ್ರಮಾಣಪತ್ರ ತರುವ ತಂತ್ರಾಂಶ) ಓಡಿಸಿ. ಮೊದಲೇ ಓಡಿಸಿ, ಸೋತು, ಮತ್ತೆ ಮತ್ತೆ ಒತ್ತುವುದು ಆತುರದವರ ಚಾಳಿ. ಒಂದೇ ಹೆಸರಿಗೆ ಗಂಟೆಗೆ ಐದು ಬಾರಿ ಸೋತರೆ ಲೆಟ್ಸ್ ಎನ್‌ಕ್ರಿಪ್ಟ್ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತದೆ. "--ಡ್ರೈ-ರನ್" ಸೇರಿಸಿ ತಾಲೀಮು ಮಾಡಿದರೆ ಈ ಮಿತಿ ತಾಗದು. ಎಎಎಎ ದಾಖಲೆ ಇದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಐಪಿವಿ6 ದಾರಿಯನ್ನೇ ಹಿಡಿಯುತ್ತದೆ ಎಂಬುದೂ ನೆನಪಿರಲಿ.

ಮೂರು ಸೈಟಿನ ಹೆಸರುಗಳನ್ನೂ ಒಂದೇ ಪ್ರಮಾಣಪತ್ರದಲ್ಲಿ ಸೇರಿಸಬೇಡಿ. ನಾಳೆ ಸೀರೆ ಅಂಗಡಿಯವರು ಬೇರೆ ಕಡೆ ಹೋದರೆ ಆ ಹೆಸರಿನ ಪರಿಶೀಲನೆ ಸೋತು ಉಳಿದಿಬ್ಬರ ನವೀಕರಣವೂ ನಿಲ್ಲುತ್ತದೆ. ಅದೂ ಅಲ್ಲದೆ ಪ್ರಮಾಣಪತ್ರ ತೆರೆದು ನೋಡಿದ ಯಾರಿಗಾದರೂ ನಿಮ್ಮ ಗ್ರಾಹಕರ ಪಟ್ಟಿ ಕಾಣುತ್ತದೆ.

ಸರ್ಟ್‌ಬಾಟ್ ಸಾಮಾನ್ಯವಾಗಿ ಪಡೆಯುವ ಪ್ರಮಾಣಪತ್ರದ ಆಯುಷ್ಯ 90 ದಿನ, ನವೀಕರಣ ತಾನಾಗಿ ಆಗಬೇಕು. ಅವಧಿ ಮುಗಿಯುತ್ತಿದೆ ಎಂಬ ಇಮೇಲ್ ಕಳುಹಿಸುವುದನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿದೆ, ಆದ್ದರಿಂದ ಅದನ್ನು ನಂಬಿ ಕೂರಬೇಡಿ. `ಸುಡೊ ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್` ಒಮ್ಮೆ ಕೊಟ್ಟು ಮೂರೂ ಹೆಸರು ಪಾಸಾಗುವುದನ್ನು ಕಣ್ಣಾರೆ ನೋಡಿ. 80ನೇ ಪೋರ್ಟ್ ಇನ್ನು ಬೇಡವೆಂದು ಮುಚ್ಚಿದವರಿಗೆ ನವೀಕರಣದ ಹೊತ್ತಿನಲ್ಲಿ ಪೆಟ್ಟು ಬೀಳುತ್ತದೆ.

## ಹಂತ 10: ಲಾಗ್ ಮತ್ತು ಬ್ಯಾಕಪ್

ಲಾಗ್ ಫೈಲುಗಳನ್ನು /ವರ್/ಲಾಗ್/ಎಂಜಿನ್‌ಎಕ್ಸ್ ಒಳಗೇ, ಹೆಸರಿನ ಕೊನೆಗೆ ಡಾಟ್ ಲಾಗ್ ಇರುವಂತೆ ಇಡಿ. ಅಲ್ಲಿದ್ದರೆ ಹಳೆಯದನ್ನು ಮಡಚಿ ಅಳಿಸುವ ಕೆಲಸವನ್ನು ಉಬುಂಟು ತಾನೇ ಮಾಡುತ್ತದೆ. ಬೇರೆ ಫೋಲ್ಡರ್‌ನಲ್ಲಿಟ್ಟರೆ ಅವು ಬೆಳೆದು ಬೆಳೆದು ಒಂದು ದಿನ ಡಿಸ್ಕ್ ತುಂಬಿಸುತ್ತವೆ. ವಾರಕ್ಕೊಮ್ಮೆ `ಡಿಎಫ್ -ಎಚ್` ನೋಡಿ. 80 ಶೇಕಡ ದಾಟಿದ್ದರೆ ಅಂದೇ ಕಾರಣ ಹುಡುಕಿ.

ಬ್ಯಾಕಪ್ ಅದೇ ಸರ್ವರ್‌ನಲ್ಲಿ ಇರಬಾರದು. ಫೈಲುಗಳು ಮತ್ತು ಡೇಟಾಬೇಸ್ ಎರಡನ್ನೂ ಸೈಟಿಗೊಂದರಂತೆ ಬೇರೆ ಬೇರೆ ತೆಗೆಯಿರಿ. ಬೆಲ್ಲದ ಸೈಟನ್ನು ನಿನ್ನೆಯ ಸ್ಥಿತಿಗೆ ತರಲು ಹೋಂಸ್ಟೇಯ ಬುಕಿಂಗ್‌ಗಳನ್ನು ಬಲಿಕೊಡುವಂತೆ ಆಗಬಾರದು.

## ಸೈಟೊಂದನ್ನು ತೆಗೆಯುವ ಕ್ರಮ

ಮನೆ ಖಾಲಿ ಮಾಡಿಸುವಾಗಲೂ ಕ್ರಮವಿದೆ. ಮೊದಲು ಸೈಟ್ಸ್-ಎನೇಬಲ್ಡ್‌ನಲ್ಲಿರುವ ಕೊಂಡಿ ತೆಗೆಯಿರಿ, ಪರೀಕ್ಷಿಸಿ ರೀಲೋಡ್ ಮಾಡಿ. ಎರಡನೆಯದಾಗಿ ಸರ್ಟ್‌ಬಾಟ್ ಮೂಲಕ ಪ್ರಮಾಣಪತ್ರ ಅಳಿಸಿ. ನಂತರ ಪಿಎಚ್‌ಪಿ ಪೂಲ್, ಕೊನೆಯ ಬ್ಯಾಕಪ್, ಡೇಟಾಬೇಸ್, ಫೋಲ್ಡರ್. ಪ್ರಮಾಣಪತ್ರವನ್ನು ಮೊದಲು ಅಳಿಸಿದರೆ ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಇಲ್ಲದ ಫೈಲನ್ನು ಬ್ಲಾಕ್ ಇನ್ನೂ ಕೇಳುತ್ತಿರುತ್ತದೆ, ಎಂಜಿನ್‌ಎಕ್ಸ್ ಮಾತ್ರ ಹಳೆಯ ನೆನಪಿನಲ್ಲಿ ಓಡುತ್ತಿರುತ್ತದೆ. ಮುಂದೆಂದೋ ಒಂದು ರಾತ್ರಿ ಸರ್ವರ್ ತಾನಾಗಿ ಮರುಚಾಲನೆಯಾದಾಗ, ಬಿಟ್ಟುಹೋದ ಗ್ರಾಹಕರ ದೆಸೆಯಿಂದ ಉಳಿದ ಎರಡೂ ಸೈಟುಗಳು ಏಳುವುದಿಲ್ಲ.